ಬೀಸುವ ಕಲ್ಲು ಮತ್ತು ವಂಶಾವಳಿ: ಸಗರನಾಡಿನ ಮನೆತನಗಳ ಚರಿತ್ರೆಗೆ ಒಂದು ಆಕರ

1

ಸುರಪುರದ ಸೀಮೆಗೆ ಸೇರಿದ ಏವೂರಿನಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ, 1077ನೆಯ ಇಸವಿಯ ಶಿಲಾಶಾಸನವೊಂದು ದೊರೆತಿದೆ. ಜೆ. ಎಫ್. ಫ್ಲೀಟರು ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ವಿದ್ವಜ್ಜನರ ಗಮನಕ್ಕೆ ತಂದಂದಿನಿಂದ, ಚಾಲುಕ್ಯರ ವಂಶಾವಳಿಯನ್ನು ವಿಚಾರಮಾಡುವವರೆಲ್ಲರೂ ಆ ಶಾಸನವನ್ನು ಒಂದು ಮುಖ್ಯ ಆಧಾರವಾಗಿ ಬಳಸುತ್ತ ಬಂದಿದ್ದಾರೆ. ಅಯೋಧ್ಯೆಯಲ್ಲಿ 59 ಮಂದಿ ಅರಸರು ಆಳಿದರೆಂದೂ ತರುವಾಯ ಆ ವಂಶವು ದಕ್ಷಿಣಾಪಥಕ್ಕೆ ಬಂದಿತೆಂದೂ ಹೇಳುವ ಪುರಾಣಕಲ್ಪವಾದ ಭಾಗವು ಅಂಥ ಚಾಲುಕ್ಯ ವಂಶಾವಳಿಗಳಲ್ಲಿ ಮೊದಲು ಬರುತ್ತದೆ. ಅನಂತರ ಚರಿತ್ರೆಗೆ ನಿಲುಕುವ ಅರಸರ ಹೆಸರುಗಳು ತಂದೆಯಿಂದ ಮಗನಿಗೆ, ಅಣ್ಣನಿಂದ ತಮ್ಮನಿಗೆ ಎಂಬ ಕ್ರಮದಲ್ಲಿ ಸಾಗುತ್ತವೆ. ವಂಶವೆಂದರೆ ಗಂಡುಸಂತತಿಯ ಸಾಲು ಎಂಬ ಭಾವನೆಯು ಇಲ್ಲಿ ಕಲ್ಲಿನಲ್ಲಿಯೇ ಸ್ಥಿರಪಟ್ಟಿದೆ.

ಇದೇ ನಾಡಿನ ಮನೆಗಳಲ್ಲಿ ಮತ್ತೊಂದು ಬಗೆಯ ಕಲ್ಲು ಇತ್ತು. ಅದರ ಮೇಲೆ ಅಕ್ಷರವಿರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದ ಹೆಂಗಸರು ಅದರ ಮುಂದೆ ಕುಳಿತು, ಜೋಳವನ್ನೋ ಸಜ್ಜೆಯನ್ನೋ ಹಿಡಿಹಿಡಿಯಾಗಿ ಅದರ ಬಾಯಿಗೆ ಸುರಿಯುತ್ತ, ತಮ್ಮ ಹೆತ್ತವರನ್ನೂ ಒಡಹುಟ್ಟಿದವರನ್ನೂ ತವರೂರನ್ನೂ ಹೆಸರಿಸಿ ಹಾಡುತ್ತಿದ್ದರು. ಅರಸನ ವಂಶಾವಳಿಯು ಶಾಸನದ ಕಲ್ಲನ್ನು ಆಶ್ರಯಿಸಿದಂತೆ, ಒಕ್ಕಲುಮನೆಯ ಹೆಣ್ಣುಸಂತತಿಯ ನೆನಪು ಬೀಸುವ ಕಲ್ಲನ್ನು ಆಶ್ರಯಿಸಿತ್ತು. ಗ್ರಾಮೀಣ ಮನೆತನಗಳ ಚರಿತ್ರೆಯನ್ನು ಬರೆಯಲು ಬಯಸುವವರು ಈ ಎರಡನೆಯ ಕಲ್ಲನ್ನು ಯಾವ ಬಗೆಯಲ್ಲಿ ಆಕರವಾಗಿ ಬಳಸಬಹುದು, ಅದರಿಂದ ಎಷ್ಟು ತಿಳಿಯಬಹುದು, ಎಷ್ಟು ತಿಳಿಯಲಾಗದು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಶಹಾಪುರ ತಾಲ್ಲೂಕಿನ ಸಗರ ಎಂಬ ಊರಿನಿಂದ ಹೆಸರು ಪಡೆದ ಸಗರನಾಡು ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಪ್ರದೇಶ. ಜೇಡರ ದಾಸಿಮಯ್ಯನ ಮುದನೂರೂ ಭೋಗಣ್ಣನ ಕೆಂಭಾವಿಯೂ ಇಲ್ಲಿವೆ. ಸುರಪುರದ ನಾಯಕರ ಸಂಸ್ಥಾನವು 1858ರ ಬಂಡಾಯದೊಡನೆ ಕೊನೆಗೊಂಡು, 1860ರಲ್ಲಿ ಆ ಸೀಮೆಯು ಹೈದರಾಬಾದಿನ ನಿಜಾಮನ ವಶಕ್ಕೆ ಬಂದಿತು. 1948ರವರೆಗೆ ಅವನ ಆಳ್ವಿಕೆಯಲ್ಲಿದ್ದು, 1956ರಲ್ಲಿ ಏಕೀಕೃತ ಕನ್ನಡ ರಾಜ್ಯವನ್ನು ಸೇರಿ, ಬಹುಕಾಲ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದ ಸುರಪುರ, ಶಹಾಪುರ, ಯಾದಗಿರಿಗಳು 2009ರ ಡಿಸೆಂಬರ್ 30ರಂದು ಯಾದಗಿರಿ ಎಂಬ ಬೇರೆ ಜಿಲ್ಲೆಯಾದವು. ಆಳುವವರು ಹೀಗೆ ಪದೇಪದೇ ಬದಲಾದ ನಾಡಿನಲ್ಲಿ ಸಾಮಾನ್ಯ ಮನೆತನಗಳ ಕಾಗದಪತ್ರಗಳು ಒಂದೆಡೆ ಉಳಿದು ಬರುವುದು ವಿರಳ. ಆದುದರಿಂದಲೇ ಇಲ್ಲಿ ಅಲಿಖಿತ ಆಕರಗಳಿಗೆ ಹೆಚ್ಚಿನ ಬೆಲೆಯುಂಟು.

2

ಅಲಿಖಿತ ಆಕರಗಳಲ್ಲಿ ಮೊದಲು ಎಣಿಸಬೇಕಾದುದು ಹೆಳವರ ವಾಕ್ಕು. ಉತ್ತರ ಕರ್ನಾಟಕದ ಊರುಗಳಲ್ಲಿ ಹೆಳವರು ಎತ್ತಿನೊಡನೆ ಗಂಟೆ ಬಾರಿಸುತ್ತ ತಮಗೆ ಗೊತ್ತಾದ ಒಕ್ಕಲುಗಳ ಮನೆಗಳಿಗೆ ಕೆಲವು ವರ್ಷಗಳಿಗೊಮ್ಮೆ ಬರುತ್ತಾರೆ. ಮನೆಯ ಮೂಲಪುರುಷನಿಂದ ಹಿಡಿದು ಈಗಿನವರವರೆಗೆ ತಲೆಮಾರುಗಳನ್ನು ಹೇಳಿ, ಬೆಡಗು, ಮನೆದೇವರು, ಮೂಲದ ಊರು ಇವುಗಳನ್ನು ಒಪ್ಪಿಸಿ, ಕಾಳುಕಡಿಯನ್ನೋ ದನಕರುವನ್ನೋ ಹಣವನ್ನೋ ಕಾಣಿಕೆಯಾಗಿ ಪಡೆಯುತ್ತಾರೆ. ಹಿಂದೆ ಬಾಯಿಪಾಠವಾಗಿದ್ದ ಈ ವಿದ್ಯೆಯು ಕಾಲಕ್ರಮದಲ್ಲಿ ಪುಸ್ತಕಕ್ಕೂ ಇಳಿದಿದೆ. ಮನೆಯವರಿಗೇ ಮರೆತುಹೋದ ಮುತ್ತಜ್ಜನ ಹೆಸರನ್ನು ಹೆಳವನು ತಡೆಯಿಲ್ಲದೆ ಹೇಳುವುದುಂಟು.

ಎರಡನೆಯದು ಸರಕಾರದ ಭೂಮಿಯ ದಫ್ತರ. ಒಂದನೆಯ ಸಾಲಾರ್ ಜಂಗನು 1865ರಲ್ಲಿ ನಿಜಾಮನ ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸಿದ ಮೇಲೆ ಕಂದಾಯದ ಲೆಕ್ಕವು ಕ್ರಮಕ್ಕೆ ಬಂದಿತು. 1949ರಲ್ಲಿ ಜಹಗೀರುಗಳು ರದ್ದಾದ ಬಳಿಕ ಆ ಪ್ರದೇಶಗಳೂ ಸರಕಾರದ ನೇರ ಲೆಕ್ಕಕ್ಕೆ ಸೇರಿದವು. ಪಟ್ಟೇದಾರನು ಯಾರು, ಅವನ ತಂದೆ ಯಾರು, ಅವನ ತರುವಾಯ ಹೊಲವು ಯಾರ ಹೆಸರಿಗೆ ಬಂದಿತು ಎಂಬುದನ್ನು ಈ ದಫ್ತರದಿಂದ ಗೊತ್ತುಪಡಿಸಬಹುದು.

ಈ ಎರಡೂ ಆಕರಗಳು ಪರಸ್ಪರ ಸ್ವತಂತ್ರವಾದವು. ಒಂದು ಹೇಳಿದುದನ್ನು ಮತ್ತೊಂದರಿಂದ ಒರೆಹಚ್ಚಿ ನೋಡಬಹುದಾದುದರಿಂದ ಎರಡೂ ಬೆಲೆಯುಳ್ಳವು. ಆದರೆ ಎರಡಕ್ಕೂ ಸಮಾನವಾದ ಒಂದು ಕೊರತೆಯುಂಟು. ಹೆಳವನು ಮುಖ್ಯವಾಗಿ ಗಂಡುಮಕ್ಕಳ ಸಾಲನ್ನು ಹಿಡಿದು ನಡೆಯುತ್ತಾನೆ. ಮನೆಯಿಂದ ಹೊರಗೆ ಕೊಟ್ಟ ಹೆಣ್ಣಿನ ಸಂತತಿಯು ಅವನ ಲೆಕ್ಕದಿಂದ ಜಾರಿಹೋಗುತ್ತದೆ. ಭೂಮಿಯು ಗಂಡುಮಕ್ಕಳ ಕೈಯಿಂದ ಕೈಗೆ ಸಾಗಿದುದರಿಂದ ದಫ್ತರದಲ್ಲಿಯೂ ಹೆಣ್ಣಿನ ಹೆಸರು ಬರುವುದು ಅಪೂರ್ವ. ಬಂದರೂ ಇಂಥವನ ಹೆಂಡತಿ ಎಂದೋ ವಿಧವೆ ಎಂದೋ ಬರುತ್ತದೆಯೇ ಹೊರತು ಇಂಥ ಊರಿನ ಇಂಥವರ ಮಗಳು ಎಂದು ಬರುವುದಿಲ್ಲ. ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನೊಡನೆ ಸಮನಾದ ಹಕ್ಕು ಕರ್ನಾಟಕದಲ್ಲಿ ಜಾರಿಗೆ ಬಂದುದು 1994ರಲ್ಲಿ. ಭಾರತಕ್ಕೆಲ್ಲ ಅದು ಅನ್ವಯವಾದುದು 2005ರಲ್ಲಿ. ಅದಕ್ಕೆ ಹಿಂದಿನ ತಲೆಮಾರುಗಳ ಹೆಣ್ಣುಮಕ್ಕಳನ್ನು ದಫ್ತರದಲ್ಲಿ ಹುಡುಕಿದವರಿಗೆ ದೊರೆಯುವುದು ಬಹುಮಟ್ಟಿಗೆ ಬರಿಯ ಮೌನ.

ಕೆಲವು ಮನೆತನಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರನ್ನಿಡುವ ಪದ್ಧತಿಯಿದ್ದುದು ಈ ಕೊರತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹುಟ್ಟುಹೆಸರು ತವರಿನಲ್ಲಿ ಉಳಿಯಿತು. ಗಂಡನ ಮನೆಯಲ್ಲಿ ಮತ್ತೊಂದು ಹೆಸರು ನಡೆಯಿತು. ಎರಡೂ ಒಬ್ಬಳದೇ ಎಂದು ಹೇಳುವ ಪತ್ರವು ಎಲ್ಲಿಯೂ ಇಲ್ಲ. ಪ್ರತಿಯೊಬ್ಬ ಮನುಷ್ಯನ ಪೂರ್ವಜರಲ್ಲಿ ಅರ್ಧದಷ್ಟು ಮಂದಿ ಸ್ತ್ರೀಯರೇ ಆಗಿರುವಾಗ, ಈ ಎರಡು ಆಕರಗಳನ್ನೇ ನಂಬಿ ಬರೆದ ವಂಶಾವಳಿಯು ಅರ್ಧ ವಂಶಾವಳಿಯೇ ಸರಿ.

3

ಇನ್ನು ಕಲ್ಲಿನ ವಿಚಾರ. ಧಾನ್ಯವನ್ನು ಕಲ್ಲಿನಿಂದ ಅರೆಯುವುದು ಸಗರನಾಡಿನಲ್ಲಿ ನಾಲ್ಕು ಸಾವಿರ ವರ್ಷಗಳಷ್ಟು ಹಳೆಯ ಕಾರ್ಯ. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ನಡೆಸಿದ ಉತ್ಖನನದಿಂದ ನವಶಿಲಾಯುಗದ ದನಗಾಹಿಗಳ ನೆಲೆಯೊಂದು ಬೆಳಕಿಗೆ ಬಂದಿತು. ಅಲ್ಲಿ ದೊರೆತ ವಸ್ತುಗಳಲ್ಲಿ ಅರೆಯುವ ಕಲ್ಲುಗಳೂ ಸೇರಿವೆ. ಆದರೆ ಅವು ತಿರುಗುವ ಕಲ್ಲುಗಳಲ್ಲ. ತಗ್ಗಾದ ಹಾಸುಗಲ್ಲಿನ ಮೇಲೆ ಇನ್ನೊಂದು ಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಉಜ್ಜುವ ಬಗೆಯವು. ಆ ಕಾಲದ ದಕ್ಷಿಣದ ಜನರು ಬೆಳೆದುಂಡ ಕೊರಲೆ ಮೊದಲಾದ ಕಿರುಧಾನ್ಯಗಳಿಗೂ ಹೆಸರು, ಹುರುಳಿ ಮೊದಲಾದ ಕಾಳುಗಳಿಗೂ ಅಷ್ಟು ಸಾಕಾಗಿತ್ತು. ಈಗ ಈ ನಾಡಿನ ಮುಖ್ಯ ಆಹಾರವಾಗಿರುವ ಜೋಳವು ಆಫ್ರಿಕ ಖಂಡದಿಂದ ಬಂದು ಇಲ್ಲಿ ನೆಲೆನಿಂತುದು ಅದಕ್ಕೆ ಈಚೆಗೆ. ಒಂದರ ಮೇಲೊಂದು ಕುಳಿತು ಸುತ್ತುವ ಜೋಡಿಗಲ್ಲುಗಳು ದಖ್ಖನದಲ್ಲಿ ಸಾತವಾಹನರ ಕಾಲದ ನೆಲೆಗಳಲ್ಲಿ, ಉದಾಹರಣೆಗೆ ನೇವಾಸೆಯಲ್ಲಿ, ಕಾಣಿಸಿಕೊಳ್ಳುತ್ತವೆ. ಅಂದಿನಿಂದ ಇಪ್ಪತ್ತನೆಯ ಶತಮಾನದವರೆಗೆ ಮನೆಯ ಬೀಸುವ ಕಲ್ಲಿನ ರೂಪವು ಹೆಚ್ಚಾಗಿ ಬದಲಾಗಲಿಲ್ಲ. ನೆಲದಲ್ಲಿ ಕದಲದಂತೆ ಕೂರಿಸಿದ ಕೆಳಗಲ್ಲು, ಅದರ ನಡುವಿನ ಗೂಟ, ಅದರ ಸುತ್ತ ತಿರುಗುವ ಮೇಲುಗಲ್ಲು, ಕಾಳು ಸುರಿಯುವ ಬಾಯಿ, ಕೈಗೆ ಹಿಡಿಯಲು ಮರದ ಹಿಡಿ. ಇಷ್ಟೇ ಅದರ ಅಂಗಗಳು.

ಗಾಣದೊಡನೆ ಇದನ್ನು ಹೋಲಿಸಿದರೆ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಎಣ್ಣೆಯ ಗಾಣವು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದೇವರ ನಂದಾದೀವಿಗೆಗೆ ಗಾಣವನ್ನು ಬಿಟ್ಟವರ ಹೆಸರುಗಳೂ ಗಾಣದೆರೆಯ ವಿವರಗಳೂ ಶಾಸನಗಳಲ್ಲಿವೆ. ಗಾಣದ ಕಲ್ಲಿನ ಮೇಲೆಯೇ ಬರೆಹವಿರುವುದೂ ಉಂಟು. ಗಾಣವು ತೆರಿಗೆಗೆ ಒಳಪಟ್ಟಿತ್ತು, ದಾನಕ್ಕೆ ಯೋಗ್ಯವಾಗಿತ್ತು, ಗಂಡಸಿನ ಕಸುಬಾಗಿತ್ತು. ಆದುದರಿಂದ ಬರೆಹಕ್ಕೆ ಬಂದಿತು. ಮನೆಯೊಳಗಿನ ಬೀಸುವ ಕಲ್ಲು ಸಾಮಾನ್ಯವಾಗಿ ಅರಸನ ಲೆಕ್ಕಕ್ಕೂ ದೇವಸ್ಥಾನದ ಲೆಕ್ಕಕ್ಕೂ ಸಿಕ್ಕಲಿಲ್ಲ. ಆದುದರಿಂದ ಬರೆಹಕ್ಕೆ ಬರಲಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಕೊಟ್ಟಣದ ಸೋಮಮ್ಮನೆಂಬ ಶರಣೆಯಿದ್ದಾಳೆ. ಕುಟ್ಟುವ ಕೆಲಸವನ್ನೇ ಕಾಯಕವೆಂದೆಣಿಸಿ, ಆ ಕಾಯಕದಿಂದಲೇ ಒಬ್ಬ ಹೆಂಗಸನ್ನು ಹೆಸರಿಸಿದುದು ನಮ್ಮ ಸಾಹಿತ್ಯಚರಿತ್ರೆಯಲ್ಲಿ ವಿಶೇಷವಾದ ಸಂಗತಿಯೆಂದೇ ಹೇಳಬೇಕು.

ಕಲ್ಲು ತಾನಾಗಿಯೇ ಮನೆತನದ ಚರಿತ್ರೆಗೆ ಒದಗಿಸುವ ಸಾಕ್ಷ್ಯವು ಸ್ವಲ್ಪವಾದುದಾದರೂ ಅಲಕ್ಷ್ಯಕ್ಕೆ ಅರ್ಹವಲ್ಲ. ನಾಡಮಾತಿನಲ್ಲಿ ಅಣ್ಣತಮ್ಮಂದಿರು ಬೇರೆಯಾಗುವುದೆಂದರೆ ಒಲೆ ಬೇರೆಯಾಗುವುದು. ಒಲೆ ಬೇರೆಯಾದಲ್ಲಿ ಬೀಸುವ ಕಲ್ಲೂ ಬೇರೆಯಾಗಬೇಕು. ಹಳೆಯ ಕಲ್ಲು ನೆಲದಲ್ಲಿ ನೆಟ್ಟ ಭಾರದ ವಸ್ತುವಾದುದರಿಂದ ಸಾಧಾರಣವಾಗಿ ಹಳೆಯ ಮನೆಯಲ್ಲಿಯೇ ನಿಲ್ಲುತ್ತದೆ. ಹೊರಟವರು ಹೊಸ ಕಲ್ಲನ್ನು ಕೊಳ್ಳುತ್ತಾರೆ. ಹೀಗಾಗಿ ಒಂದೇ ಮನೆತನದ ಹಲವು ಕವಲುಗಳಲ್ಲಿ ಸವೆದು ತೆಳುವಾದ ಕಲ್ಲು ಯಾರಲ್ಲಿದೆಯೆಂದು ನೋಡಿದರೆ ಹಿರಿಯ ಮನೆ ಯಾವುದೆಂದು ಊಹಿಸಲು ಒಂದು ದಾರಿ ದೊರೆಯುತ್ತದೆ. ಇದು ಊಹೆಗೆ ಆಸರೆಯೇ ಹೊರತು ಪ್ರಮಾಣವಲ್ಲ. ಹೆಚ್ಚು ಬೀಸಿದ ಮನೆಯ ಕಲ್ಲು ಬೇಗ ಸವೆಯುತ್ತದೆ. ಉಳಿಯಿಂದ ಹಲವು ಬಾರಿ ಹಲ್ಲು ಕಟೆಸಿದ ಕಲ್ಲೂ ಬೇಗ ಸವೆಯುತ್ತದೆ. ಆದುದರಿಂದ ಕಲ್ಲಿನ ಸವೆತದಿಂದ ಕಾಲವನ್ನು ಎಣಿಸಹೊರಡುವುದು ಸರಿಯಾಗದು.

ಮನೆಯ ಸಂತತಿಗೂ ಕಲ್ಲಿಗೂ ಇರುವ ಸಂಬಂಧವು ಶುಭಕಾರ್ಯಗಳಲ್ಲಿ ಇನ್ನೂ ಗೋಚರವಾಗುತ್ತದೆ. ಮದುವೆಗೆ ಮುಂಚೆ ಮುತ್ತೈದೆಯರು ಬೀಸುವ ಕಲ್ಲನ್ನೂ ಒರಳನ್ನೂ ಪೂಜಿಸಿ, ಅರಿಷಿಣವನ್ನೋ ಧಾನ್ಯವನ್ನೋ ಬೀಸಿ ಕುಟ್ಟಿ ಕಾರ್ಯಕ್ಕೆ ಮೊದಲುಮಾಡುವ ಶಾಸ್ತ್ರವು ಕನ್ನಡನಾಡಿನ ಹಲವೆಡೆ ಉಂಟು. ತೊಟ್ಟಿಲಿಗೆ ಹಾಕುವ ದಿನ ಕೂಸಿಗಿಂತ ಮೊದಲು ಗುಂಡುಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಿನ ಸುತ್ತ ಕೈಯಿಂದ ಕೈಗೆ ಕೊಡುವ ರೂಢಿಯೂ ಉಂಟು. ವಂಶವು ಬೆಳೆಯುವ ಎರಡು ಸಂದರ್ಭಗಳಲ್ಲಿಯೂ ಅಡಿಗೆಯ ಕಲ್ಲೇ ಮುಂದಾಗಿ ನಿಲ್ಲುವುದು ವಿಚಾರಾರ್ಹವಾಗಿದೆ.

4

ಆದರೆ ಕಲ್ಲಿಗಿಂತಲೂ ಕಲ್ಲಿನ ಪದವೇ ಹೆಚ್ಚಿನ ಆಕರ. ಬೀಸುವ ಪದಗಳ ಛಂದಸ್ಸು ತ್ರಿಪದಿ. ಸುಮಾರು 700ನೆಯ ಇಸವಿಯ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಈ ಛಂದಸ್ಸು ಕಾಣುತ್ತದೆ. ಹಾಡುವಾಗ ನಡುವಿನ ಸಾಲಿನ ಮಾತುಗಳು ಮರಳಿ ಬರುವುದರಿಂದ ಮೂರು ಸಾಲು ನಾಲ್ಕರಂತೆ ಕೇಳಿಸುತ್ತವೆ. ಈ ಮರುಕಳಿಕೆಯು ಕಲ್ಲಿನ ಸುತ್ತಿಗೆ ಸರಿಹೊಂದುತ್ತದೆ, ಮುಂದಿನ ನುಡಿಯನ್ನು ನೆನೆಯಲು ಹಾಡುವವಳಿಗೆ ಅವಕಾಶವನ್ನೂ ಕೊಡುತ್ತದೆ. ಕೆಲಸದ ಹಾಡು ಪಂಡಿತರ ಗಮನಕ್ಕೂ ಹಿಂದೆಯೇ ಬಂದಿದ್ದಿತು. ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ, ಮಹಾರಾಷ್ಟ್ರದ ಸ್ತ್ರೀಯರು ಕುಟ್ಟುವಾಗ ಓವಿಯನ್ನು ಹಾಡುತ್ತಾರೆಂದು ಹೇಳಿದೆ. ಮರಾಠಿಯ ಓವಿಗೂ ಕನ್ನಡದ ತ್ರಿಪದಿಗೂ ಇರುವ ನೆರೆತನವನ್ನು ಬಲ್ಲವರಿಗೆ ಈ ಉಲ್ಲೇಖದ ಬೆಲೆ ತಿಳಿಯದಿರದು.

ಸಗರನಾಡಿನಿಂದ ಭೀಮೆಯ ಮೇಲ್ಭಾಗದಲ್ಲಿರುವ ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಇಂಥ ಪದಗಳನ್ನು ಮೊದಲಬಾರಿಗೆ ಓದುಗರ ಮುಂದೆ ಗೌರವದಿಂದ ಇರಿಸಿತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರ ಆ ಬಳಗದಿಂದ 1933ರಲ್ಲಿ ‘ಜೀವನ ಸಂಗೀತ’ವೂ 1935ರಲ್ಲಿ ‘ಮಲ್ಲಿಗೆ ದಂಡೆ’ಯೂ ಹೊರಬಂದವು. ಸಾಹಿತ್ಯದ ಅಧ್ಯಾಪಕರು ಈ ಪದಗಳಲ್ಲಿ ಅಂದಿನಿಂದಲೂ ಕಾವ್ಯಗುಣವನ್ನು ಮೆಚ್ಚುತ್ತ ಬಂದಿದ್ದಾರೆ. ಅವುಗಳಲ್ಲಿರುವ ಚಾರಿತ್ರಿಕಾಂಶದ ಕಡೆಗೆ ಅಷ್ಟು ಗಮನವು ಹರಿದಿಲ್ಲ.

ಬೀಸುವ ಹೆಂಗಸು ಮೊದಲು ಕಲ್ಲನ್ನೂ ದೇವರನ್ನೂ ನೆನೆಯುತ್ತಾಳೆ. ಬಳಿಕ ಹಡೆದವ್ವನನ್ನೂ ತಂದೆಯನ್ನೂ, ಅನಂತರ ಅಣ್ಣತಮ್ಮಂದಿರನ್ನೂ, ತರುವಾಯ ಗಂಡನ ಮನೆಯವರನ್ನೂ ಮಕ್ಕಳನ್ನೂ ಹೆಸರಿಸುತ್ತಾಳೆ. ಕೊನೆಗೆ ಕಲ್ಲಿಗೆ ಕೈಮುಗಿದು ನಿಲ್ಲಿಸುತ್ತಾಳೆ. ಈ ಕ್ರಮವು ಎಲ್ಲೆಡೆಯೂ ಒಂದೇ ಆಗಿಲ್ಲದಿದ್ದರೂ ತವರಿನ ಭಾಗವು ಎಲ್ಲೆಡೆಯೂ ವಿಸ್ತಾರವಾಗಿದೆ. ನಾಗರಪಂಚಮಿಗೆ ಕರೆಯಲು ಬರುವ ಅಣ್ಣ, ಉಡಿ ತುಂಬುವ ತಾಯಿ, ಊರ ಮುಂದಿನ ಹೊಳೆ, ಮನೆಯ ದೇವರು ಇವೆಲ್ಲವೂ ಅಲ್ಲಿ ಬರುತ್ತವೆ. ಸಗರನಾಡಿನಲ್ಲಿ ಜನರು ನಡೆದುಕೊಳ್ಳುವ ದೇವರುಗಳು ಹಲವು: ತಿಂಥಣಿಯ ಮೌನೇಶ್ವರ, ಕೊಡೇಕಲ್ಲಿನ ಬಸವಣ್ಣ, ಮೈಲಾಪುರದ ಮೈಲಾರಲಿಂಗ, ಭೀಮೆಯ ಆಚೆಯ ಸನ್ನತಿಯ ಚಂದ್ರಲಾಂಬೆ. ಪದದಲ್ಲಿ ಯಾವ ದೇವರ ಹೆಸರು ಬಂದಿತೆಂಬುದು ಹಾಡಿದವಳು ಯಾವ ಒಕ್ಕಲಿನಿಂದ ಬಂದವಳೆಂಬುದಕ್ಕೆ ಒಂದು ಸೂಚನೆಯಾಗುತ್ತದೆ.

ಕಲ್ಲಿನ ಮುಂದೆ ಪರಂಪರೆಯನ್ನು ಹೇಳುವ ಈ ರೂಢಿಯು ಒಂದು ಮತಕ್ಕೆ ಸೇರಿದುದಲ್ಲ. ವಿಜಾಪುರದ ಆದಿಲಶಾಹಿಯ ಕಾಲದಲ್ಲಿ ಸೂಫಿಗಳ ಬಳಗದಿಂದ ದಖನಿ ಭಾಷೆಯಲ್ಲಿ ಚಕ್ಕಿನಾಮಾ ಎಂಬ ಬೀಸುವ ಪದಗಳು ಹುಟ್ಟಿದವು. ರಿಚರ್ಡ್ ಈಟನ್ನರು 1970ರ ದಶಕದಲ್ಲಿ ಇವುಗಳನ್ನು ವಿಸ್ತಾರವಾಗಿ ವಿಚಾರಿಸಿದ್ದಾರೆ. ಅವುಗಳಲ್ಲಿ ಕಲ್ಲಿನ ಹಿಡಿಯೂ ನಡುವಿನ ಗೂಟವೂ ದೇವರಿಗೂ ಪ್ರವಾದಿಗೂ ಸಂಕೇತಗಳಾಗುತ್ತವೆ. ಬೀಸುವವಳು ದೇವರು, ಪ್ರವಾದಿ, ತನ್ನ ಪೀರ ಎಂಬ ಸಾಲನ್ನು ನೆನೆಯುತ್ತಾಳೆ. ರಕ್ತಸಂಬಂಧದ ವಂಶಾವಳಿಯಿದ್ದೆಡೆಯಲ್ಲಿ ಗುರುಪರಂಪರೆಯು ಬಂದಿದೆ. ಕಲ್ಲೂ ಹೊತ್ತೂ ಹೆಂಗಸಿನ ಕಂಠವೂ ಅವೇ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಚಂದಾ ಹುಸೇನಿಯ ದರ್ಗೆಯ ಬಳಿ ಯೂಸುಫ್ ಆದಿಲ್ ಶಾಹ ಮೊದಲಾದ ಆ ಮನೆತನದ ಮೊದಲ ಸುಲ್ತಾನರ ಗೋರಿಗಳಿರುವುದನ್ನು ನೆನೆದರೆ, ಈ ಪರಂಪರೆಯು ಸಗರನಾಡಿಗೆ ಎಷ್ಟು ಸಮೀಪವಾದುದೆಂಬುದು ವೇದ್ಯವಾಗುವುದು.

5

ಬೀಸುವ ಪದವನ್ನು ಚರಿತ್ರೆಗೆ ಬಳಸುವವರು ಎದುರಿಸಬೇಕಾದ ಮೊದಲ ಆಕ್ಷೇಪವಿದು: ಪದಗಳು ಸಾಂಪ್ರದಾಯಿಕವಾದವು, ಒಂದೇ ತ್ರಿಪದಿಯನ್ನು ಹತ್ತು ಊರುಗಳಲ್ಲಿ ನೂರು ಮಂದಿ ಹಾಡುತ್ತಾರೆ, ಹೀಗಿರುವಾಗ ಅದನ್ನು ಒಬ್ಬಳ ಮನೆಯ ಚರಿತ್ರೆಯೆಂದು ಎಣಿಸುವುದು ಹೇಗೆ? ಆಕ್ಷೇಪವು ನ್ಯಾಯವಾದುದು. ಅದಕ್ಕೆ ಉತ್ತರವೂ ಪದದ ರಚನೆಯಲ್ಲಿಯೇ ಇದೆ. ತ್ರಿಪದಿಯ ಮಾತುಗಳಲ್ಲಿ ಕೆಲವು ಸ್ಥಿರ, ಕೆಲವು ಚರ. ಅಣ್ಣನ ಹಿರಿಮೆ, ತವರಿನ ಸಿರಿ, ತಾಯಿಯ ಮಮತೆ ಇವುಗಳನ್ನು ಹೇಳುವ ಮಾತುಗಳು ಸ್ಥಿರವಾದವು. ಅವು ನಾಡಿನ ಎಲ್ಲರ ಸೊತ್ತು. ಅಣ್ಣನ ಹೆಸರು, ಊರಿನ ಹೆಸರು, ದೇವರ ಹೆಸರು ಇವು ಚರವಾದವು. ಹಾಡುವವಳು ಅಲ್ಲಿ ತನ್ನವರ ಹೆಸರನ್ನು ಕೂರಿಸುತ್ತಾಳೆ. ಗ್ರಂಥಸಂಪಾದಕನು ಪ್ರತಿಗಳನ್ನು ಹೋಲಿಸಿ ಪಾಠಾಂತರಗಳನ್ನು ಗುರುತಿಸುವಂತೆ, ಒಂದೇ ಪದದ ಹಲವು ಪಾಠಗಳನ್ನು ಹೋಲಿಸಿ ಎಲ್ಲಿ ಮಾತು ಬದಲಾಗುತ್ತದೆಂಬುದನ್ನು ಗುರುತಿಸಬೇಕು. ಬದಲಾಗದ ಭಾಗವು ಕಾವ್ಯಚರಿತ್ರೆಗೆ ಸಾಮಗ್ರಿ. ಬದಲಾಗುವ ಭಾಗವು ಮನೆತನದ ಚರಿತ್ರೆಗೆ ಸಾಮಗ್ರಿ. ತವರು ಸಿರಿವಂತವೆಂದು ಪದವು ಹೇಳಿದರೆ ಅದನ್ನು ನಂಬಬೇಕಾಗಿಲ್ಲ. ತವರು ಇಂಥ ಊರೆಂದು ಹೇಳಿದರೆ ವಿಚಾರಿಸಿ ನೋಡಬೇಕು.

ಹೀಗೆ ದೊರೆತ ಹೆಸರುಗಳ ಪ್ರಯೋಜನವು ಹೆಳವನ ವಂಶಾವಳಿಯ ಪಕ್ಕದಲ್ಲಿ ಇರಿಸಿದಾಗಲೇ ತಿಳಿಯುತ್ತದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ಈ ನಾಡಿನ ರೂಢಿ. ಒಂದು ಮನೆಯಲ್ಲಿ ಬಸಪ್ಪನ ಮಗ ಮಲ್ಲಪ್ಪ, ಮಲ್ಲಪ್ಪನ ಮಗ ಬಸಪ್ಪ, ಅವನ ಮಗ ಮತ್ತೆ ಮಲ್ಲಪ್ಪ ಎಂದು ಸಾಲು ನಡೆದಿದೆಯೆಂದು ಊಹಿಸಿಕೊಳ್ಳಬಹುದು. ದಫ್ತರದಲ್ಲಿ ‘ಮಲ್ಲಪ್ಪ ಬಿನ್ ಬಸಪ್ಪ’ ಎಂದು ಕಂಡರೆ ಅವನು ಮೊದಲನೆಯವನೋ ಎರಡನೆಯವನೋ ಹೇಳುವುದು ಕಷ್ಟ. ಆದರೆ ಒಬ್ಬ ಮಲ್ಲಪ್ಪನ ಹೆಂಡತಿಯ ತವರು ಕೆಂಭಾವಿ, ಮತ್ತೊಬ್ಬನ ಹೆಂಡತಿಯ ತವರು ಗೋಗಿ ಎಂಬುದು ಆ ಮನೆಯ ಹೆಂಗಸರ ಪದಗಳಿಂದ ತಿಳಿದರೆ ಇಬ್ಬರನ್ನೂ ಬೇರ್ಪಡಿಸಲು ಗುರುತು ಸಿಕ್ಕಿದಂತಾಗುತ್ತದೆ. ಗಂಡುಹೆಸರುಗಳು ಮರಳಿ ಮರಳಿ ಬರುವಲ್ಲಿ ತಲೆಮಾರನ್ನು ತಲೆಮಾರಿನಿಂದ ಬೇರೆಮಾಡಿ ತೋರಿಸುವುದು ಹೆಣ್ಣಿನ ತವರು.

ಇದಕ್ಕಿಂತಲೂ ಮುಖ್ಯವಾದುದು ಸೋದರಿಕೆಯ ಪ್ರಶ್ನೆ. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ಪದ್ಧತಿಯು ದಕ್ಷಿಣದಲ್ಲಿ ಬಲವಾಗಿರುವುದನ್ನು ಇರಾವತಿ ಕರ್ವೆಯವರು 1953ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಈ ಪದ್ಧತಿಯಿರುವೆಡೆ ಎರಡು ಮನೆತನಗಳು ಹಲವು ತಲೆಮಾರು ಒಂದಕ್ಕೊಂದು ಹೆಣ್ಣನ್ನು ಕೊಟ್ಟು ತಂದು ಹೆಣೆದುಕೊಂಡಿರುತ್ತವೆ. ಹೆಳವನ ಪುಸ್ತಕದಲ್ಲಿ ಅವು ಎರಡು ಬೇರೆ ಸಾಲುಗಳಾಗಿ, ನಡುವೆ ಯಾವ ಗೆರೆಯೂ ಇಲ್ಲದೆ ನಿಲ್ಲುತ್ತವೆ. ಬೀಸುವ ಪದದಲ್ಲಾದರೋ ಅತ್ತೆಯ ಮನೆಯೇ ಅಣ್ಣನ ಮನೆಯಾಗಿಯೂ ಸೋದರಮಾವನೇ ಮಾವನಾಗಿಯೂ ಕಾಣಿಸಿಕೊಳ್ಳುತ್ತಾನೆ. ಹೆಳವನ ಸಾಲುಗಳು ಹಾಸಿನ ಎಳೆಗಳಾದರೆ ತವರಿನ ಹೆಸರುಗಳು ಹೊಕ್ಕಿನ ಎಳೆಗಳು. ಎರಡೂ ಸೇರಿದಲ್ಲದೆ ಬಟ್ಟೆಯಾಗದು.

ಅಡ್ಡಹೆಸರುಗಳೂ ಇಲ್ಲಿ ನೆರವಿಗೆ ಬರುತ್ತವೆ. ಉತ್ತರ ಕರ್ನಾಟಕದಲ್ಲಿ ಊರನ್ನು ಬಿಟ್ಟು ಬಂದವರಿಗೆ ಬಿಟ್ಟ ಊರೇ ಅಡ್ಡಹೆಸರಾಗುವುದು ಸಾಮಾನ್ಯ. ಕೆಂಭಾವಿಯಲ್ಲಿಯೇ ಇರುವವನನ್ನು ಕೆಂಭಾವಿಯವನೆಂದು ಕರೆಯಬೇಕಾದ ಅಗತ್ಯವಿಲ್ಲ. ಆದುದರಿಂದ ಗಂಡುಸಂತತಿಯ ವಲಸೆಯನ್ನು ಅಡ್ಡಹೆಸರಿನಿಂದಲೂ ಹೆಣ್ಣುಸಂತತಿಯ ವಲಸೆಯನ್ನು ಬೀಸುವ ಪದದ ಊರುಗಳಿಂದಲೂ ಗುರುತಿಸಬಹುದು. ತಾಯಿಯಿಂದ ಕಲಿತ ಪದವನ್ನು ಮಗಳು ಮದುವೆಯಾದ ಊರಿಗೆ ಒಯ್ಯುತ್ತಾಳೆ. ಅಲ್ಲಿ ತನ್ನ ಮಗಳಿಗೆ ಕಲಿಸುತ್ತಾಳೆ. ಹೆಸರನ್ನು ಬದಲಿಸದೆ ಹಾಡಿದ ಪದವೊಂದರಲ್ಲಿ ಅಜ್ಜಿಯ ತವರೂರು ಮೊಮ್ಮಗಳ ಬಾಯಲ್ಲಿ ಅರ್ಥ ತಿಳಿಯದೆಯೇ ಉಳಿದುಬರುವ ಸಂಭವವುಂಟು. ಹಾಡಿದವಳ ತವರೂ ಪದದೊಳಗಿನ ತವರೂ ಬೇರೆಬೇರೆಯಾಗಿ ಕಂಡಲ್ಲಿ ಅದನ್ನು ತಪ್ಪೆಂದು ತಿದ್ದಬಾರದು. ಹಿಂದಿನ ತಲೆಮಾರಿನ ಕುರುಹು ಅಲ್ಲಿರಬಹುದು.

6

ಈ ಆಕರಕ್ಕೆ ಮಿತಿಗಳೂ ಇವೆ. ಬೀಸುವ ಪದದಲ್ಲಿ ಕಾಲಗಣನೆಯಿಲ್ಲ. ಇಸವಿಯನ್ನು ದಫ್ತರದಿಂದಲೇ ಪಡೆಯಬೇಕು. ಹೆಳವನಂತೆ ಅದು ಹತ್ತು ತಲೆಮಾರು ಹಿಂದಕ್ಕೆ ಹೋಗುವುದಿಲ್ಲ. ಹಾಡುವವಳ ತಾಯಿ, ಅಜ್ಜಿಯರ ಆಚೆಗೆ ಅದರ ಬೆಳಕು ಮಂದವಾಗುತ್ತದೆ. ಹಾಡುವ ಹೆಂಗಸು ಅಣ್ಣತಮ್ಮಂದಿರನ್ನು ಹೆಸರಿಸಿದಷ್ಟು ಅಕ್ಕತಂಗಿಯರನ್ನು ಹೆಸರಿಸುವುದಿಲ್ಲ. ತವರಿನ ಬಾಗಿಲನ್ನು ತೆರೆದಿಡುವವನು ಅಣ್ಣನಾದುದರಿಂದ ಪದವು ಅವನ ಕಡೆಗೆ ಒಲಿಯುತ್ತದೆ. ಹೆಣ್ಣಿನ ಆಕರದಲ್ಲಿಯೂ ಹೆಣ್ಣುಗಳು ಪೂರ್ತಿಯಾಗಿ ಬಂದಿಲ್ಲವೆಂಬುದನ್ನು ಮರೆಯಬಾರದು. ಮಕ್ಕಳಿಲ್ಲದವಳ ಪದವನ್ನೂ ತವರು ತೀರಿಹೋದವಳ ಪದವನ್ನೂ ಕಲಿತು ಮುಂದುವರಿಸುವವರು ಕಡಿಮೆ.

ಎಲ್ಲಕ್ಕಿಂತ ದೊಡ್ಡ ಮಿತಿಯೆಂದರೆ ಪದವೇ ನಿಂತುಹೋಗಿರುವುದು. ಇಪ್ಪತ್ತನೆಯ ಶತಮಾನದಲ್ಲಿ ಎಣ್ಣೆಯ ಇಂಜಿನ್ನಿನಿಂದಲೂ ಅನಂತರ ವಿದ್ಯುಚ್ಛಕ್ತಿಯಿಂದಲೂ ನಡೆಯುವ ಹಿಟ್ಟಿನ ಗಿರಣಿಗಳು ಊರೂರಿಗೆ ಬಂದವು. ದಿನವೂ ನಸುಕಿನಲ್ಲಿ ತೋಳು ಸೋಲುವಂತೆ ಬೀಸಬೇಕಾಗಿದ್ದ ಕಷ್ಟವು ಹೆಂಗಸರಿಗೆ ತಪ್ಪಿತು. ಇದನ್ನು ಲಾಭವೆಂದೇ ಎಣಿಸಬೇಕು. ಬೀಸುವ ಪದಗಳ ಸೊಗಸನ್ನು ಹೊಗಳುವವರು ಬೀಸುವಿಕೆಯ ಶ್ರಮವನ್ನು ಮರೆಯುವುದು ಉಚಿತವಲ್ಲ. ಆದರೆ ಕೆಲಸದೊಡನೆ ಹಾಡೂ, ಹಾಡಿನೊಡನೆ ಹೆಸರುಗಳೂ ಹೋದವು. ಗಿರಣಿಯ ಮುಂದೆ ಸಾಲಾಗಿ ನಿಂತವರಿಗೆ ತವರನ್ನು ಹೆಸರಿಸಿ ಹಾಡುವ ಸಂದರ್ಭವೇ ಇಲ್ಲ. ಕಲ್ಲುಗಳಲ್ಲಿ ಕೆಲವು ಹಿತ್ತಲು ಸೇರಿವೆ, ಕೆಲವು ಮೆಟ್ಟಿಲಾಗಿವೆ. ಶುಭಕಾರ್ಯದ ದಿನ ಮಾತ್ರ ಅರಿಷಿಣ ಕುಂಕುಮವನ್ನು ಕಾಣುವ ಕಲ್ಲುಗಳೂ ಇವೆ.

ಸಂಗ್ರಹಕಾರ್ಯದ ರೀತಿಯನ್ನೂ ಇಲ್ಲಿ ವಿಚಾರಮಾಡಬೇಕು. ಕನ್ನಡದ ಮೊದಲ ಸಂಗ್ರಾಹಕರ ದೃಷ್ಟಿಯು ಕಾವ್ಯದ ಕಡೆಗಿತ್ತು. ತಿರಸ್ಕೃತವಾಗಿದ್ದ ಪದಗಳಿಗೆ ಸಾಹಿತ್ಯದಲ್ಲಿ ಸ್ಥಾನವನ್ನು ದೊರಕಿಸಿದುದೇ ಅವರ ಮಹತ್ಕಾರ್ಯ. ಅವರಿಂದ ವಂಶಶೋಧನೆಯ ಸಾಮಗ್ರಿಯನ್ನು ನಿರೀಕ್ಷಿಸುವುದು ಸಲ್ಲದು. ನೆರೆಯ ಮಹಾರಾಷ್ಟ್ರದಲ್ಲಿ ಹೇಮಾ ರಾಯರಕರ ಮತ್ತು ಗೀ ಪ್ವಾತ್ವ್ಯಾಂ ಎಂಬವರು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ತಮ್ಮ ಸಂಗಡಿಗರೊಡನೆ ಒಂದು ಲಕ್ಷಕ್ಕೂ ಮೀರಿದ ಬೀಸುವ ಓವಿಗಳನ್ನು ಕೂಡಿಸಿದರು. ಹಾಡಿದವಳ ಹೆಸರನ್ನೂ ಊರನ್ನೂ ಪದದೊಡನೆ ಬರೆದಿರಿಸಿದುದು ಆ ಸಂಗ್ರಹದ ವಿಶೇಷ. ಒಂದು ಪದಕ್ಕೆ ಒಬ್ಬಳ ಹೆಸರೂ ಒಂದು ಊರೂ ಜೊತೆಯಾದೊಡನೆಯೇ ಅದು ಸಾಹಿತ್ಯವಾಗಿ ಉಳಿಯುವುದರ ಜೊತೆಗೆ ದಾಖಲೆಯೂ ಆಗುತ್ತದೆ.

ಸಗರನಾಡಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ಪದ ಕಲಿತ ಹೆಂಗಸರು ಈಗ ಮುಪ್ಪಿನವರು. ಅವರಿಂದ ಪದಗಳನ್ನು ಬರೆದುಕೊಳ್ಳುವವರು ಪದದೊಡನೆ ಹಾಡಿದವಳ ಹುಟ್ಟುಹೆಸರು, ಮದುವೆಯ ಹೆಸರು, ತವರೂರು, ಅವಳ ತಾಯಿಯ ತವರೂರು, ಪದವನ್ನು ಯಾರಿಂದ ಕಲಿತಳೆಂಬುದು, ತವರಿನ ಮನೆದೇವರು ಇವಿಷ್ಟನ್ನೂ ತಪ್ಪದೆ ಬರೆದುಕೊಳ್ಳಬೇಕು. ಪದದೊಳಗಿನ ಹೆಸರುಗಳು ಹಾಡಿದವಳ ಬಂಧುಗಳವೇ, ಕಲಿಸಿದವಳ ಬಂಧುಗಳವೇ ಎಂದು ಕೇಳಬೇಕು. ಅದೇ ಮನೆಗೆ ಹೆಳವನು ಬರುವುದಿದ್ದರೆ ಅವನು ಹೇಳಿದುದನ್ನು ಈ ಪಟ್ಟಿಯ ಪಕ್ಕದಲ್ಲಿ ಇರಿಸಿ ನೋಡಬೇಕು. ಜೀವಂತರಾಗಿರುವವರ ಮನೆಯ ಮಾತುಗಳನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸಬಾರದೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಶಾಲಾ ಕಾಲೇಜುಗಳ ಕನ್ನಡ ಅಧ್ಯಾಪಕರು ಈ ಕೆಲಸಕ್ಕೆ ತಕ್ಕವರು. ವಿದ್ಯಾರ್ಥಿಗಳಲ್ಲಿ ಒಬ್ಬೊಬ್ಬರೂ ತಮ್ಮ ಅಜ್ಜಿಯರ ಬಳಿ ಕುಳಿತರೆ ಒಂದು ವರ್ಷದಲ್ಲಿ ಆಗುವ ಕಾರ್ಯವು ಹೊರಗಿನ ಸಂಶೋಧಕನೊಬ್ಬನಿಂದ ಜೀವಮಾನದಲ್ಲಿಯೂ ಆಗದು.

ಏವೂರಿನ ಶಾಸನವು ಒಂಬೈನೂರು ವರ್ಷಗಳಿಗೂ ಮೀರಿ ಬಾಳಿತು; ಅದನ್ನು ಓದಬಲ್ಲವರು ಬರುವವರೆಗೆ ಅದು ಕಾದಿತ್ತು. ಬೀಸುವ ಕಲ್ಲೂ ಹಾಗೆಯೇ ಬಾಳೀತು, ಅದೂ ಕಲ್ಲೇ. ಆದರೆ ಅದರ ಬರೆಹವು ಹಾಡುವವರ ಕಂಠದಲ್ಲಿರುವುದರಿಂದ, ಓದುವವರಿಗಾಗಿ ಅದು ಬಹುಕಾಲ ಕಾಯಲಾರದು.